ಇಲ್ಲಿಂದಾಚೆ ಅಮ್ಮನಿಗೆ ಓದಬೇಡ

ಅಕ್ಕನಿಗೆ,

ನಾನಿಲ್ಲಿ ಕ್ಷೇಮ. ಅಮ್ಮ, ಅಪ್ಪ, ಭಾವ, ಪುಟ್ಟಿ ಎಲ್ಲರ ಕ್ಷೇಮಕ್ಕೂ ಬರಿ. ಅಮ್ಮ ಕಳಿಸಿದ ಚಟ್ನಿಪುಡಿ ತಲುಪಿತು. ಚಳಿ ಇದೆ, ಸ್ವೆಟರ್ ಹಾಕ್ಕೋತೀನಿ, ಊಟ ಬಿಡಲ್ಲ ಅಂತ ಹೇಳು. ಈ ಸಲ ಶಿಡ್ಲಘಟ್ಟದ ಮಾರ್ಕೆಟ್ಟಲ್ಲಿ ರೇಷ್ಮೆ ಗೂಡಿಗೆ ಒಳ್ಳೇ ರೇಟು ಬಂತು ಅಂತ ಅಪ್ಪ ಫೋನಲ್ಲಿ ಹೇಳಿದ್ರು, ಸಂತೋಷ.

ಇಲ್ಲಿಂದಾಚೆ ಅಮ್ಮನಿಗೆ ಓದಿ ಹೇಳಬೇಡ.

ವಾಟ್ಸಾಪ್ ಬಿಟ್ಟು ಪತ್ರ ಯಾಕೆ ಅಂತೀಯ. ನಿನ್ನ ಫೋನು ಯಾವಾಗ ನೋಡಿದ್ರೂ ಪುಟ್ಟಿ ಕೈಲಿ. ವಾಯ್ಸ್ ಮೆಸೇಜ್ ಹಾಕಿದ್ರೆ ನೀನು ಹುಳದ ಮನೇಲಿ ಸೊಪ್ಪು ಹಾಕ್ತಾ ಸ್ಪೀಕರಲ್ಲಿ ಕೇಳ್ತೀಯ, ಜೊತೆಗೆ ಕೂಲಿಯವರೂ ಕೇಳ್ತಾರೆ.

ನಿನ್ನ ಕಾಗದ ಓದಿ ಎರಡು ದಿನ ನಿದ್ದೆ ಬರಲಿಲ್ಲ. ನನಗಿಲ್ಲಿ ಯಾರೋ ಇದ್ದಾಳೆ, ಅದಕ್ಕೇ ಚಿಂತಾಮಣಿ ಹುಡುಗಿನ ನೋಡೋಕೆ ಬರ್ತಿಲ್ಲ ಅಂತ ಅಮ್ಮ ಅಂದ್ಕೊಂಡಿದ್ದಾರಲ್ಲ, ಹಾಗೇ ಅಂದ್ಕೊಳ್ಳಲಿ ಅಂತ ಸುಮ್ಮನಿದ್ದೆ. ಕಾರಣ ಹೆಂಗಸರ ಥರ ಉಬ್ಬಿರೋ ನನ್ನ ಎದೆ ಅಂತ ನೀನೊಬ್ಬಳು ಸರಿಯಾಗಿ ಹಿಡಿದೆ. ಎಂಟನೇ ಕ್ಲಾಸಲ್ಲಿ ಕಲ್ಯಾಣಿಗೆ ಈಜೋಕೆ ಹೋದಾಗ ಹುಡುಗರು ಏನಂತ ಕೂಗಿದ್ರು ಅಂತ ನಿನಗೆ ಗೊತ್ತು, ನೀನೇ ಹೋಗಿ ಅವರ ಮನೆ ಬಾಗಿಲಲ್ಲಿ ಜಗಳ ಆಡಿದ್ದೆ. ಆವತ್ತಿಂದ ಷರ್ಟಿನೊಳಗೆ ಎರಡು ಬನಿಯನ್. ವಯಸ್ಸಿಗೆ ಬರುವಾಗ ಹೀಗಾಗುತ್ತೆ, ಒಂದೆರಡು ವರ್ಷದಲ್ಲಿ ಇಳಿಯುತ್ತೆ ಅಂದ ಊರ ಡಾಕ್ಟರು ಸುಳ್ಳೇನೂ ಹೇಳಿರಲಿಲ್ಲ. ಬಹಳ ಜನಕ್ಕೆ ಇಳಿಯುತ್ತೆ. ನನಗೆ ಇಳೀಲಿಲ್ಲ. ಮದುವೆಗೆ ಮುಂಚೆ ಅರಿಶಿನ ಹಚ್ಚಿ ನೀರು ಹಾಕುವಾಗ ಪಂಚೆ ಉಟ್ಟು ಬರೀ ಮೈಯಲ್ಲಿ ಕೂರಬೇಕಲ್ಲ, ಅತ್ತಿಗೆ ನಾದಿನಿಯರೆಲ್ಲ ಸುತ್ತ ನಿಂತು, ವಿಡಿಯೋದವನು ಎದುರಿಗೆ. ಹುಡುಗಿ ಏನಂತಾಳೋ ಅನ್ನೋದು ಆಮೇಲಿನ ಮಾತು. ಮದುವೆ ಅಂದ್ರೆ ನನ್ನ ಕಣ್ಣಿಗೆ ಬರೋದು ಆ ಅರ್ಧ ಗಂಟೆಯೇ.

ಇನ್ನು ದುಡ್ಡು. ಬ್ರಿಟನ್ ವೀಸಾ ಜೊತೆ ಇಲ್ಲಿನ ಸರ್ಕಾರಿ ಆಸ್ಪತ್ರೆಗೆ ಅಂತ ಅಷ್ಟೊಂದು ಕಟ್ಟಿಸ್ಕೊಂಡ್ರಲ್ಲ, ಅದರಲ್ಲೇ ಮಾಡಿಸ್ಕೋ ಅಂತ ಬರೆದಿದ್ದೀಯ. ಕಟ್ಟಿದ್ದು ನಿಜ. ವರ್ಷಕ್ಕೆ 1,035 ಪೌಂಡ್, ಮೂರು ವರ್ಷದ್ದು ಒಂದೇ ಏಟಿಗೆ 3,105. ನಮ್ಮ ದುಡ್ಡಲ್ಲಿ ಮೂರೂವರೆ ಲಕ್ಷ. ಆ ಧೈರ್ಯದ ಮೇಲೇ ನಾನೂ ಹೋದೆ.

ಇಲ್ಲಿ ಮೈ ಸರಿಯಿಲ್ಲ ಅಂತ ನೇರ ದೊಡ್ಡಾಸ್ಪತ್ರೆ ಸ್ಪೆಷಲಿಸ್ಟ್ ಹತ್ರ ನುಗ್ಗಂಗಿಲ್ಲ. ಮೊದಲು ಏರಿಯಾ ಡಾಕ್ಟರು, ಜಿಪಿ ಅಂತಾರೆ. ಸಿಗೋದು ಹತ್ತು ನಿಮಿಷ. ಅಮ್ಮನ ವಯಸ್ಸಿನ ಹೆಂಗಸು. ಷರ್ಟ್ ಬಿಚ್ಚೋ ಮುಂಚೆ, ಸಾಕ್ಷಿಗೆ ಇನ್ನೊಬ್ಬರನ್ನ ಕರೀಲಾ ಅಂತ ಕೇಳಿದ್ರು, ಇಲ್ಲಿ ಅದೊಂದು ಪದ್ಧತಿ. ನೋಡೋರು ಒಬ್ಬರೇ ಸಾಕು ತಾಯಿ ಅಂತ ಮನಸ್ಸಲ್ಲೇ ಅಂದ್ಕೊಂಡೆ. ತೊಟ್ಟಿನ ಹಿಂದೆ ಎರಡು ಬೆರಳಲ್ಲಿ ಒತ್ತಿ, ಇದು ಬರೀ ಕೊಬ್ಬಲ್ಲ, ಗ್ರಂಥಿ, ರಬ್ಬರ್ ಬಿಲ್ಲೆ ಥರ ಸಿಗುತ್ತೆ ನೋಡು ಅಂತ ನನ್ನ ಕೈಯಿಂದಲೇ ಮುಟ್ಟಿಸಿದ್ರು. ಹದಿನೈದು ವರ್ಷ ಹೊತ್ಕೊಂಡು ತಿರುಗಿದ್ದೀನಿ, ಒಂದು ದಿನ ಮುಟ್ಟಿ ನೋಡಿರಲಿಲ್ಲ ಅಕ್ಕ. ನಾವು ಎಷ್ಟು ಓಡಿದ್ರೂ ಗ್ರಂಥಿ ಕರಗಲ್ಲವಂತೆ. ರಾತ್ರಿ ಮುದ್ದೆ ಬಿಟ್ಟು ಅಮ್ಮನ ಹತ್ರ ಬೈಸ್ಕೊಂಡಿದ್ದೆಲ್ಲ ದಂಡ.

ಜಿಮ್ಮಿನ ಸ್ಟೆರಾಯ್ಡ್ ತಗೋತೀಯಾ, ಗಾಂಜಾ ಸೇದ್ತೀಯಾ, ಕುಡೀತೀಯಾ, ಬೇರೆ ಮಾತ್ರೆ ಇದೆಯಾ ಅಂತ ಒಂದೂ ಬಿಡದೆ ಕೇಳಿದ್ರು. ಒಮ್ಮೆಯೂ ಮುಖದಲ್ಲಿ ನಗು ಸುಳೀಲಿಲ್ಲ. ಹಾರ್ಮೋನು, ಲಿವರ್, ಥೈರಾಯ್ಡ್ ಅಂತ ಸೀಸೆಗಟ್ಟಲೆ ರಕ್ತ ತೆಗೆದ್ರು. ಒಂದು ಪೈಸೆ ಕೇಳಲಿಲ್ಲ. ಬಿಲ್ ಕೌಂಟರೇ ಇಲ್ಲ, ಎದ್ದು ಬರೋವಾಗ ಏನೋ ಕದ್ದು ಬಂದಂಗಾಗುತ್ತೆ.

ಎಲ್ಲ ನಾರ್ಮಲ್ ಬಂತು. ನಾರ್ಮಲ್ ಬಂದಿದ್ದೇ ಮುಳುವಾಯ್ತು.

ಗಂಡಸರ ಎದೆ ಇಳಿಸೋ ಆಪರೇಷನ್ ಇವರ ಲೆಕ್ಕದಲ್ಲಿ ಅಂದಚೆಂದದ್ದು. ಸರ್ಕಾರಿ ಖರ್ಚಲ್ಲಿ ಸಾಮಾನ್ಯವಾಗಿ ಮಾಡಲ್ಲ. ಪ್ರಾಸ್ಟೇಟ್ ಕ್ಯಾನ್ಸರಿನ ಔಷಧಿಯಿಂದ ಬಂದಿದ್ರೆ ಆ ಮಾತು ಬೇರೆ. ಉಳಿದವರಿಗೆ ಡಾಕ್ಟರ ಮೂಲಕ ವಿಶೇಷ ಅರ್ಜಿ ಅಂತ ಒಂದು ದಾರಿ. ಅದರಲ್ಲೂ ಇದೇ ತೊಂದರೆ ಇರೋ ಮಿಕ್ಕವರಿಗಿಂತ ನನ್ನ ಕಾಯಿಲೆ ಹೇಗೆ ಬೇರೆ ಅಂತ ತೋರಿಸಬೇಕು. ಕೆಲಸ, ಸಂಸಾರ, ಮದುವೆ ಯಾವುದನ್ನೂ ಲೆಕ್ಕಕ್ಕೆ ತಗೊಳ್ಳಲ್ಲ. ಆದ್ರೂ ಹಾಕಿಸಿದೆ. ಎರಡೂವರೆ ತಿಂಗಳಾದ ಮೇಲೆ ಬಹಳ ಮರ್ಯಾದೆಯ ಭಾಷೆಯಲ್ಲಿ ಇಲ್ಲ ಅಂತ ಕಾಗದ ಬಂತು. ಇವರನ್ನ ಬೈಬೇಡ. ಮಂಡಿ ಸವೆದವರು, ಕಣ್ಣು ಮಂಜಾದವರು ತಿಂಗಳುಗಟ್ಟಲೆ ಕ್ಯೂನಲ್ಲಿದ್ದಾರೆ, ನನ್ನದು ಪ್ರಾಣ ಹೋಗೋದಲ್ಲ. ಕಾಗದ ಬಂದ ರಾತ್ರಿ ಮಾತ್ರ ನಾನೂ ಬೈದೆ, ಆ ಮೂರೂವರೆ ಲಕ್ಷ ನೆನೆಸ್ಕೊಂಡು.

ಇಲ್ಲಿ ಪ್ರೈವೇಟಲ್ಲಿ ಕೇಳಿದ್ರೆ 5,800 ಪೌಂಡ್ ಅಂದ್ರು, ಆರೂವರೆ ಲಕ್ಷದ ಮೇಲೆ. ಅದರ ಕಾಲು ಭಾಗಕ್ಕೆ ಬೆಂಗಳೂರಲ್ಲಿ ಒಬ್ಬ ಡಾಕ್ಟರು ಒಪ್ಪಿದ್ದಾರೆ. ದುಡ್ಡು ನನ್ನ ಹತ್ರ ಇದೆ. ಕೇಳಿಸ್ಕೊಂಡ್ಯಾ, ಇದೆ. ನೀನು ಅವಲಕ್ಕಿ ಸರ ಅಡ ಇಟ್ರೆ ನಾನು ಊರಿಗೇ ಕಾಲಿಡಲ್ಲ. ಭಾವ ಡೈರಿಲಿ 500 ರೂಪಾಯಿ ಕಟ್ಟಿ ಆಸ್ಪತ್ರೆ ಖರ್ಚಿಗೆ ಅಂತ ಮಾಡಿಸಿದ ಯಶಸ್ವಿನಿ ಕಾರ್ಡ್ ವಿಷಯವೂ ಎತ್ತಬೇಡ. ಅದು ನಿಮ್ಮನೆ ನಾಲ್ಕು ಜನದ್ದು. ನನ್ನ ಹೆಸರು ಸೇರಿಸೋಕೆ ಹೋದ್ರೆ ಸೊಸೈಟಿ ಸೆಕ್ರೆಟರಿ ಯಾಕೆ ಅಂತ ಕೇಳ್ತಾನೆ, ಸಂಜೆ ಹಾಲು ಹಾಕೋ ಹೊತ್ತಿಗೆ ಊರಿಗೆಲ್ಲ ಗೊತ್ತಾಗುತ್ತೆ.

ಜನವರಿಯಲ್ಲಿ ಬಂದು ಬೆಂಗಳೂರಲ್ಲೇ ಇಳ್ಕೊಂಡು ಮಾಡಿಸ್ಕೋತೀನಿ. ತೊಟ್ಟಿನ ಸುತ್ತ ಕಪ್ಪಿದೆಯಲ್ಲ, ಅದರ ಅಂಚಲ್ಲಿ ಸಣ್ಣದಾಗಿ ಕೊಯ್ದು ಬಿಲ್ಲೆ ತೆಗೀತಾರೆ, ಸುತ್ತಲಿನ ಕೊಬ್ಬನ್ನ ನಳಿಗೆಯಲ್ಲಿ ಎಳೀತಾರೆ, ಅಷ್ಟೇ. ಹಲ್ಲು ಕೀಳಿಸಿದಂಗೆ. ಏನೂ ಆಗಲ್ಲ. ಕೆಲವರಿಗೆ ಒಳಗೆ ರಕ್ತ ಕಟ್ಕೊಳ್ಳುತ್ತೆ, ಅದನ್ನೂ ತೆಗೀತಾರೆ, ಅದನ್ನ ನೀನು ಯೋಚನೆ ಮಾಡಬೇಡ, ಸತ್ಯವಾಗ್ಲೂ ಏನೂ ಆಗಲ್ಲ. ಆಮೇಲೆ ಕೆಲವು ವಾರ ಬಿಗಿ ಬನಿಯನ್ ಹಾಕ್ಕೊಂಡೇ ಇರಬೇಕು, ಅದೇನು ನನಗೆ ಹೊಸದಾ. ಭಾರ ಮಾತ್ರ ಎತ್ತಂಗಿಲ್ಲ. ಹುಳು ನಾಲ್ಕನೇ ಜ್ವರ ಎದ್ದಿದ್ರೆ, ಪೊರೆ ಬಿಟ್ಟು ಸೊಪ್ಪಿಗೆ ಮುಗಿಬೀಳೋ ಹೊತ್ತಲ್ಲಿ, ಅಪ್ಪ ಸೊಪ್ಪಿನ ಹೊರೆಗೆ ನನ್ನನ್ನೇ ಕರೀತಾರೆ. ಬೆನ್ನು ಉಳುಕಿದೆ ಅಂತ ನೀನೇ ಅಡ್ಡ ಬಾ.

ಚಿಂತಾಮಣಿಯವರಿಗೆ ಯುಗಾದಿವರೆಗೆ ತಡೀರಿ ಅಂತ ಹೇಳಿಸು. ಬೇಡ ಅಂತಲ್ಲ. ಫೋಟೋ ಇದ್ರೆ ಕಳಿಸು.

ಪೋಸ್ಟ್ ಆಫೀಸ್ ಮುಚ್ಚೋ ಹೊತ್ತಾಯ್ತು, ಬಸ್ಸೂ ಬಂತು. ಎಲ್ಲರಿಗೂ ನಮಸ್ಕಾರ, ಪುಟ್ಟಿಗೆ ಮುತ್ತು.

ನಿನ್ನ ತಮ್ಮ

ಓದಿ ಆದ ಮೇಲೆ ಒಲೆಗೆ ಹಾಕು. ಹುಳದ ತಟ್ಟೆಗೆ ಹಾಸೋ ಹಳೇ ಪೇಪರ್ ಜೊತೆ ಸೇರಿಸಬೇಡ, ಅಪ್ಪ ಸೊಪ್ಪು ಹಾಕ್ತಾ ಅದನ್ನೇ ಓದ್ತಿರ್ತಾರೆ.