ಚಂಚಲ ಮಗುವಿಗೆ ಮಿದುಳಿನ ಚಿತ್ರ ಸಾಕ್ಷಿಯಾಗಬಲ್ಲದೇ?

ಮಾನ್ಯ ಸಂಪಾದಕರೇ,

ಎಂಆರ್‌ಐ ಕೊಠಡಿಯಲ್ಲಿ 18 ವರ್ಷ ಕೆಲಸ ಮಾಡಿ ನಿವೃತ್ತನಾಗಿರುವ ರೇಡಿಯೋಗ್ರಾಫರ್ ನಾನು. ಕಳೆದ ತಿಂಗಳು ನಮ್ಮ ಬೀದಿಯ ದಂಪತಿ ಒಂದು ಫೈಲು ಹಿಡಿದು ಮನೆಗೆ ಬಂದರು. ಎರಡನೇ ತರಗತಿಯಲ್ಲಿರುವ ಅವರ ಮಗ ಕೂತಲ್ಲಿ ಕೂರುವುದಿಲ್ಲ, ಬೋರ್ಡಿನ ಮೇಲಿನದನ್ನು ಪೂರ್ತಿ ಬರೆದುಕೊಳ್ಳುವುದಿಲ್ಲ ಎಂದು ಶಾಲೆಯವರು ದೂರಿದ್ದರಿಂದ ಖಾಸಗಿ ಕೇಂದ್ರವೊಂದಕ್ಕೆ ಹೋಗಿದ್ದರಂತೆ. ಅಲ್ಲಿಯವರು ಮಗುವಿನೊಡನೆ ಹತ್ತು ನಿಮಿಷವೂ ಮಾತನಾಡದೆ, ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ) ಇದೆಯೋ ಇಲ್ಲವೋ ಎಂಬುದು ‘ಬ್ರೇನ್ ಮ್ಯಾಪಿಂಗ್’ ಮಾಡಿಸಿದರೆ ಖಚಿತವಾಗುತ್ತದೆಂದು ಹೇಳಿ, ಇಇಜಿ (ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ) ಮತ್ತು ಎಂಆರ್‌ಐ ಎರಡೂ ಸೇರಿದ ಪ್ಯಾಕೇಜಿನ ದರ ಬರೆದುಕೊಟ್ಟಿದ್ದಾರೆ. ಆ ಮೊತ್ತ ತಂದೆಯ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು. ಮಾಡಿಸಬೇಕೇ ಬೇಡವೇ ಎಂದು ಅವರು ಕೇಳಿದಾಗ ನಾನು ಕೊಟ್ಟ ಉತ್ತರ ಇತರ ಪೋಷಕರಿಗೂ ಉಪಯೋಗಕ್ಕೆ ಬಂದೀತೆಂದು ಈ ಪತ್ರ ಬರೆಯುತ್ತಿದ್ದೇನೆ.

ಅವರಿಗೆ ತೋರಿಸಿದ ಬಣ್ಣದ ಚಿತ್ರಗಳ ಹಿಂದೆ ಸಂಶೋಧನೆಯೇ ಇಲ್ಲವೆಂದು ಹೇಳಲಾರೆ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ತಂಡವೊಂದು 2007ರಲ್ಲಿ ಎಡಿಎಚ್‌ಡಿ ಇರುವ 223 ಮಕ್ಕಳನ್ನೂ ಇಲ್ಲದ 223 ಮಕ್ಕಳನ್ನೂ ಹೋಲಿಸಿ, ಮಿದುಳಿನ ಹೊರಪದರದ ಅರ್ಧದಷ್ಟು ಭಾಗ ತನ್ನ ಗರಿಷ್ಠ ದಪ್ಪ ಮುಟ್ಟುವುದು ಸಾಮಾನ್ಯವಾಗಿ ಏಳೂವರೆ ವರ್ಷದ ಹೊತ್ತಿಗಾದರೆ, ಎಡಿಎಚ್‌ಡಿ ಇರುವವರಲ್ಲಿ ಹತ್ತೂವರೆ ವರ್ಷದ ಹೊತ್ತಿಗೆ ಎಂದು ತೋರಿಸಿತು. 2017ರಲ್ಲಿ ‘ಲ್ಯಾನ್ಸೆಟ್ ಸೈಕಿಯಾಟ್ರಿ’ ಪತ್ರಿಕೆಯಲ್ಲಿ ಪ್ರಕಟವಾದ, 23 ಕೇಂದ್ರಗಳಿಂದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿದ ಅಧ್ಯಯನವು ಅಮಿಗ್ಡಲ ಮೊದಲಾದ ಕೆಲವು ಒಳಭಾಗಗಳ ಗಾತ್ರ ಎಡಿಎಚ್‌ಡಿ ಇರುವವರಲ್ಲಿ ಕಡಿಮೆಯೆಂದು ಕಂಡುಕೊಂಡಿತು. ಆದರೆ ಆ ಅಂತರ ಎಷ್ಟು ಸಣ್ಣದೆಂದರೆ, ಎರಡು ಊರಿನ ಗಂಡಸರ ಸರಾಸರಿ ಎತ್ತರದಲ್ಲಿ ಅರ್ಧ ಇಂಚು ವ್ಯತ್ಯಾಸವಿದ್ದಂತೆ. ಸಾವಿರಾರು ಜನರನ್ನು ಅಳೆದರೆ ಆ ಅರ್ಧ ಇಂಚು ಕಾಣುತ್ತದೆ, ನಿಜ. ಬಸ್ ನಿಲ್ದಾಣದಲ್ಲಿ ನಿಂತ ಒಬ್ಬನ ಎತ್ತರ ನೋಡಿ ಅವನು ಯಾವ ಊರಿನವನೆಂದು ಹೇಳಲು ಮಾತ್ರ ಬರುವುದಿಲ್ಲ.

ಇದನ್ನು ಪರೀಕ್ಷಿಸಿಯೂ ನೋಡಿದ್ದಾರೆ. 2011ರಲ್ಲಿ ‘ಎಡಿಎಚ್‌ಡಿ-200’ ಎಂಬ ಜಾಗತಿಕ ಸ್ಪರ್ಧೆ ನಡೆಯಿತು. ಮಕ್ಕಳ ಮಿದುಳಿನ ಚಿತ್ರಗಳನ್ನು ಕೊಟ್ಟು, ಯಾರಿಗೆ ಎಡಿಎಚ್‌ಡಿ ಇದೆಯೆಂದು ಗಣಕಯಂತ್ರದ ಮೂಲಕ ಊಹಿಸಬೇಕಿತ್ತು. ಗೆದ್ದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ತಂಡ 195 ಅಂಕಗಳಲ್ಲಿ ಪಡೆದದ್ದು 119. ಆದರೆ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ತಂಡವು ಮಿದುಳಿನ ಚಿತ್ರಗಳನ್ನು ಪಕ್ಕಕ್ಕಿಟ್ಟು, ಮಗುವಿನ ವಯಸ್ಸು, ಲಿಂಗ, ಎಡಗೈಯೋ ಬಲಗೈಯೋ ಎಂಬುದು, ಬುದ್ಧಿಮಾಪನದ ಅಂಕ ಇಂಥ ಮಾಹಿತಿಯಿಂದಲೇ 124 ಅಂಕ ಗಳಿಸಿತು! ಸ್ಪರ್ಧೆಯ ಉದ್ದೇಶ ಚಿತ್ರಗಳ ಬಳಕೆಯಾಗಿದ್ದುದರಿಂದ ಬಹುಮಾನ ಮಾತ್ರ ಅವರಿಗೆ ಸಿಗಲಿಲ್ಲ.

ಇನ್ನು ನನ್ನ ವೃತ್ತಿಯ ಅನುಭವಕ್ಕೆ ಸೇರಿದ ಮಾತು. ಎಂಆರ್‌ಐ ಕೊಳವೆಯೊಳಗೆ ಮಗು ಅರ್ಧ ಗಂಟೆಯಾದರೂ ತಲೆ ಅಲುಗಿಸದೆ ಮಲಗಿರಬೇಕು, ಅದೂ ಸುತ್ತಿಗೆಯಿಂದ ಬಡಿದಂಥ ಸದ್ದಿನ ನಡುವೆ. ಸುಮ್ಮನಿರಲಾಗದು ಎಂಬ ಕಾರಣಕ್ಕೇ ಕರೆತಂದ ಮಗುವನ್ನು ಸುಮ್ಮನೆ ಮಲಗಿಸುವುದು ಹೇಗೆಂದು ನಾವು ತಂತ್ರಜ್ಞರು ಪಟ್ಟ ಪಾಡು ನಮಗೇ ಗೊತ್ತು. ಕಥೆ ಹೇಳಿ, ಚಾಕಲೇಟಿನ ಆಸೆ ತೋರಿಸಿ, ತಾಯಿಯನ್ನು ಕಾಲ ಬಳಿ ನಿಲ್ಲಿಸಿ, ಯಾವುದೂ ಆಗದಿದ್ದರೆ ನಿದ್ರೆಯ ಔಷಧ ಕೊಡಿಸಿ ಕೆಲಸ ಮುಗಿಸುತ್ತಿದ್ದೆವು. ಔಷಧಕ್ಕೆ ಅದರದೇ ಅಪಾಯಗಳಿವೆ. ಕಣ್ಣಿಗೆ ಕಾಣದಷ್ಟು ಸಣ್ಣ ಅಲುಗಾಟವೂ ಚಿತ್ರದಲ್ಲಿ ಮಿದುಳಿನ ಬೂದು ಪದರವನ್ನು ಇದ್ದುದಕ್ಕಿಂತ ತೆಳ್ಳಗೆ ತೋರಿಸಬಲ್ಲದೆಂದು ಸಂಶೋಧಕರೇ ದಾಖಲಿಸಿದ್ದಾರೆ. ಅಂದರೆ ಮಿದುಳಿನ ವ್ಯತ್ಯಾಸವೆಂದು ಕಾಣುವುದರಲ್ಲಿ ಒಂದಷ್ಟು ಪಾಲು ಬರೀ ತಲೆಯ ಅಲುಗಾಟವೇ ಆಗಿರಬಹುದು.

ಇಇಜಿಯದೂ ಹೆಚ್ಚು ಕಡಿಮೆ ಇದೇ ಕಥೆ. ಮಿದುಳಿನ ಥೀಟಾ ಮತ್ತು ಬೀಟಾ ಅಲೆಗಳ ಅನುಪಾತ ಅಳೆಯುವ ಸಾಧನವೊಂದಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲಿ ಅನುಮತಿ ನೀಡಿದ್ದನ್ನೇ ಹಲವರು ಪುರಾವೆಯಾಗಿ ಮುಂದಿಡುತ್ತಾರೆ. ಆ ಅನುಮತಿ ಇದ್ದುದು ವೈದ್ಯರ ಪೂರ್ಣ ತಪಾಸಣೆಯ ಜೊತೆಗೆ ಪೂರಕವಾಗಿ ಬಳಸಲು ಮಾತ್ರ. ಮೂರು ವರ್ಷಗಳ ನಂತರ ಅಮೆರಿಕದ ನರವಿಜ್ಞಾನ ಅಕಾಡೆಮಿಯು ಆ ಅನುಪಾತವನ್ನು ವೈದ್ಯರ ತಪಾಸಣೆಯ ಬದಲಿಗೆ ಬಳಸಬಾರದೆಂದು ಸಲಹೆ ನೀಡಿತು.

ಹಾಗೆಂದು ಸ್ಕ್ಯಾನಿಂಗ್ ಬೇಡವೇ ಬೇಡ ಎನ್ನುತ್ತಿಲ್ಲ. ಮಗುವಿಗೆ ಫಿಟ್ಸ್ ಬರುತ್ತಿದ್ದರೆ, ತಲೆಗೆ ಪೆಟ್ಟಾಗಿದ್ದರೆ, ಕೈಕಾಲಿನ ಬಲ ಕುಂದಿದ್ದರೆ ವೈದ್ಯರು ಎಂಆರ್‌ಐ ಬರೆಯುವುದು ಸರಿಯೇ. ಪಾಠದ ನಡುವೆ ಕೆಲವು ಸೆಕೆಂಡು ಶೂನ್ಯದತ್ತ ದಿಟ್ಟಿಸಿ, ಕರೆದರೂ ಓಗೊಡದ ಮಗುವಿಗೆ ಇರುವುದು ಗಮನದ ಕೊರತೆಯಲ್ಲ, ಒಂದು ಬಗೆಯ ಮೂರ್ಛೆರೋಗ ಎಂದು ಇಇಜಿಯಿಂದ ಗೊತ್ತಾದದ್ದೂ ಉಂಟು.

ನನ್ನನ್ನು ಹೆಚ್ಚು ಕಾಡುವುದು ‘ನಾರ್ಮಲ್’ ಎಂಬ ವರದಿ. ಎಡಿಎಚ್‌ಡಿ ಇರುವ ಬಹುಪಾಲು ಮಕ್ಕಳ ಎಂಆರ್‌ಐ ವರದಿ ನಾರ್ಮಲ್ ಎಂದೇ ಬರುತ್ತದೆ. ಅದನ್ನು ಕೈಯಲ್ಲಿ ಹಿಡಿದ ತಂದೆಯೊಬ್ಬರು, ‘ನೋಡಿ, ಇವನಿಗೆ ರೋಗವಿಲ್ಲ, ಇರುವುದು ಕೊಬ್ಬು’ ಎಂದು ನನ್ನೆದುರಿಗೇ ಮಗನ ತಲೆಗೆ ಮೊಟಕಿದ್ದನ್ನು ಇನ್ನೂ ಮರೆತಿಲ್ಲ. ದುಡ್ಡು ಕಳೆದುಕೊಂಡದ್ದು ತಂದೆ. ಪೆಟ್ಟು ತಿಂದದ್ದು ಮಗು.

ಎಡಿಎಚ್‌ಡಿಯನ್ನು ಗುರುತಿಸುವ ಕ್ರಮ ಇಷ್ಟೊಂದು ದುಬಾರಿಯಲ್ಲ, ಆದರೆ ಸಮಯ ಬೇಡುತ್ತದೆ. ವೈದ್ಯಲೋಕ ಬಳಸುವ ಡಿಎಸ್‌ಎಂ-5 ಮಾನದಂಡದ ಪ್ರಕಾರ ಲಕ್ಷಣಗಳು ಕನಿಷ್ಠ ಆರು ತಿಂಗಳಿಂದ ಇರಬೇಕು, 12 ವರ್ಷದೊಳಗೆ ಕಾಣಿಸಿಕೊಂಡಿರಬೇಕು, ಮನೆ ಮತ್ತು ಶಾಲೆಯಂಥ ಎರಡು ಕಡೆಯಾದರೂ ಕಾಣಬೇಕು, ಮತ್ತು ಮಗುವಿನ ಓದು ಒಡನಾಟಗಳಿಗೆ ತೊಡಕಾಗಿರಬೇಕು. ಇವನ್ನೆಲ್ಲ ತಾಯಿ ತಂದೆಯನ್ನೂ ತರಗತಿಯ ಶಿಕ್ಷಕರನ್ನೂ ಕೇಳಿಯೇ ತಿಳಿಯಬೇಕು. ಜೊತೆಗೆ ಕಿವಿ, ಕಣ್ಣು, ನಿದ್ರೆ, ಕಲಿಕೆಯ ನ್ಯೂನತೆಗಳನ್ನು ನೋಡಬೇಕು. ಬೋರ್ಡು ಮಸುಕಾಗಿ ಕಾಣುವ ಮಗು ಬರೆದುಕೊಳ್ಳುವುದಾದರೂ ಹೇಗೆ? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ದೂರದ ಊರಿನವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಂದ ಆರಂಭಿಸಬಹುದು, ಅಥವಾ ಉಚಿತ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ ಎಲ್ಲಿಗೆ ಹೋಗಬೇಕೆಂದು ಕೇಳಬಹುದು.

ಖಾಸಗಿ ವೈದ್ಯಕೀಯ ಸಂಸ್ಥೆಗಳು ದರಪಟ್ಟಿಯನ್ನು ಪ್ರದರ್ಶಿಸಬೇಕೆಂಬ ನಿಯಮ ನಮ್ಮ ರಾಜ್ಯದಲ್ಲಿ ಈಗಾಗಲೇ ಇದೆ. ಮಕ್ಕಳಿಗೆ ‘ಬ್ರೇನ್ ಮ್ಯಾಪಿಂಗ್’ ಮಾಡುವ ಕೇಂದ್ರಗಳು ಆ ದರದ ಪಕ್ಕದಲ್ಲೇ, ಈ ಪರೀಕ್ಷೆಯೊಂದರಿಂದಲೇ ಎಡಿಎಚ್‌ಡಿ ಇದೆಯೆಂದಾಗಲಿ ಇಲ್ಲವೆಂದಾಗಲಿ ನಿರ್ಧರಿಸಲಾಗದು ಎಂಬ ಒಂದು ವಾಕ್ಯವನ್ನು ಕನ್ನಡದಲ್ಲಿ ಬರೆದು ಹಾಕುವಂತೆ ಆರೋಗ್ಯ ಇಲಾಖೆ ಆದೇಶ ಹೊರಡಿಸಬೇಕೆಂದು ಕೋರುತ್ತೇನೆ. ನಮ್ಮ ಬೀದಿಯ ಆ ದಂಪತಿ ಮಗನನ್ನು ಮೊದಲು ಕಣ್ಣಿನ ಪರೀಕ್ಷೆಗೆ ಕರೆದೊಯ್ದಿದ್ದಾರೆ. ಜಿಲ್ಲಾ ಆಸ್ಪತ್ರೆಗೆ ಮುಂದಿನ ವಾರ ಹೋಗುವವರಿದ್ದಾರೆ.

ಇಂತಿ,
ನಿವೃತ್ತ ರೇಡಿಯೋಗ್ರಾಫರ್, ಶಿವಮೊಗ್ಗ