ಎರಡನೆಯ ಔಷಧಿ: ಯುದ್ಧದ ಕತೆ ಬರೆಯುತ್ತಿರುವ ತಮ್ಮನಿಗೆ

ತೀರ್ಥಹಳ್ಳಿ

ಚಿರಂಜೀವಿ ತಮ್ಮನಿಗೆ ಆಶೀರ್ವಾದಗಳು.

ನಿನ್ನ ಕತೆ ತಲುಪಿ ಹದಿನೈದು ದಿನವಾಯಿತು. ಎರಡು ಸಲ ಓದಿದೆ. ನಮ್ಮ ಕಡೆಯ ಒಬ್ಬ ಸೈನಿಕ, ಊರಿನಲ್ಲಿ ಅವನ ಹೆಂಡತಿ, 1999ರ ಕಾರ್ಗಿಲ್ ಯುದ್ಧ. ವಸ್ತು ಗಟ್ಟಿಯಾಗಿದೆ, ಭಾಷೆಯೂ ನಿನ್ನ ಕೈಗೆ ಒಗ್ಗಿದೆ. ಆದರೆ 18 ಪುಟಗಳಲ್ಲಿ 14ನ್ನು ಗುಂಡಿನ ಮಳೆಗೇ ಕೊಟ್ಟುಬಿಟ್ಟಿದ್ದೀಯ. ಹೆಂಡತಿ ಬರುವುದು ಕೊನೆಯಲ್ಲಿ, ದೇವರ ದೀಪದ ಮುಂದೆ, ಅದೂ ಅಳುವುದಕ್ಕೆ. ಈ ಪತ್ರ ಬರೆಯುತ್ತಿರುವುದು ಮುಖ್ಯವಾಗಿ ಅವಳ ಪರವಾಗಿ.

ಶಿವಮೊಗ್ಗಕ್ಕೆ ಹೋದಾಗ ಶಿವಪ್ಪನಾಯಕನ ಅರಮನೆಯ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲುಗಳನ್ನು ನಿಧಾನವಾಗಿ ನೋಡು. ವೀರಗಲ್ಲಿನ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಗಂಡಿನ ಕತೆಗೆ ಮೂರು ಅಂತಸ್ತು. ಹೆಂಡತಿಯ ಗುರುತಾಗಿ, ಸತಿಹೋದವಳ ನೆನಪಿಗೆ ನಿಲ್ಲಿಸಿದ ಅನೇಕ ಮಾಸ್ತಿಕಲ್ಲುಗಳಲ್ಲಿ ಉಳಿದಿರುವುದು ಕಂಬದಿಂದ ಹೊರಚಾಚಿ ಮೇಲಕ್ಕೆ ಮಡಿಸಿದ ಒಂದು ತೋಳು, ಅದರ ತುಂಬ ಬಳೆ, ಬೆರಳುಗಳ ನಡುವೆ ನಿಂಬೆಹಣ್ಣು. ಅವಳು ಯಾರ ಮೇಲೆ ಸಿಟ್ಟಾಗುತ್ತಿದ್ದಳು, ಅವನು ಹೊರಟ ದಿನ ಏನೆಂದಳು ಎಂಬುದು ಕಲ್ಲಿಗೆ ಗೊತ್ತಿಲ್ಲ. ನಿನ್ನ ನಾಯಕಿ ನನಗೆ ಆ ತೋಳಿನ ಹಾಗೆಯೇ ಕಂಡಳು. ಅವಳನ್ನು ಕೆಳದಿ ಚೆನ್ನಮ್ಮನಿಗೆ ಹೋಲಿಸಿದ್ದರಿಂದಲೂ ಏನೂ ಗಿಟ್ಟಿಲ್ಲ. ಚೆನ್ನಮ್ಮ, ಗಂಡ ಸೋಮಶೇಖರ ನಾಯಕ ತೀರಿಕೊಂಡ ಮೇಲೆ ಸುಮಾರು 25 ವರ್ಷ ರಾಜ್ಯವಾಳಿದಾಕೆ, ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟು ಔರಂಗಜೇಬನ ಸೈನ್ಯವನ್ನು ಎದುರಿಸಿದಾಕೆ. ಆಕೆಗೆ ಕೋಟೆಯಿತ್ತು, ದಂಡಿತ್ತು, ಬೊಕ್ಕಸವಿತ್ತು. ನಿನ್ನವಳಿಗಿರುವುದು ಎರಡು ಎಕರೆ ಅಡಿಕೆ ತೋಟ, ಕಾಯಿಲೆಯ ಅತ್ತೆ ಮತ್ತು ಅಂಗನವಾಡಿಗೆ ಹೋಗುವ ಮಗು.

ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. 1971ರ ಯುದ್ಧ ನಡೆದದ್ದು ಡಿಸೆಂಬರ್ 3ರಿಂದ 16ರವರೆಗೆ, ನಮ್ಮಲ್ಲಿ ಅಡಿಕೆಗೊನೆ ಕೊಯ್ಯುವ ಕಾಲ. ಪಕ್ಕದ ಮನೆಯ ಚಿಕ್ಕಮ್ಮನ ಗಂಡ ಪೂರ್ವದ ಗಡಿಯಲ್ಲಿದ್ದರು. ಯಾವ ಜಾಗವೆಂದು ಯಾರಿಗೂ ತಿಳಿಯದು, ಏಕೆಂದರೆ ಅವರ ವಿಳಾಸದಲ್ಲಿ ಊರಿನ ಹೆಸರೇ ಇರಲಿಲ್ಲ, ‘99 ಎ.ಪಿ.ಒ.’ ಎಂಬ ಸೈನ್ಯದ ಅಂಚೆಯ ಗುರುತಷ್ಟೇ ಇತ್ತು. ಯುದ್ಧ ಮುಗಿದು ನಾಲ್ಕೈದು ದಿನಕ್ಕೆ ಒಂದು ಕಾಗದ ಬಂತು. ಚಪ್ಪರದಡಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಚಿಕ್ಕಮ್ಮನ ಬೆರಳುಗಳು ಕಪ್ಪುಗಟ್ಟಿದ್ದವು. ಕಾಗದಕ್ಕೆ ಕಲೆಯಾದೀತೆಂದು ಅದನ್ನು ಹತ್ತು ವರ್ಷದ ನನ್ನ ಕೈಗೆ ಕೊಟ್ಟು ಓದಲು ಹೇಳಿದರು. “ನಾನು ಕ್ಷೇಮ” ಎಂದು ಗಟ್ಟಿಯಾಗಿ ಓದಿದೆ. ಸುತ್ತ ಕುಳಿತವರ ಮುಖವೆಲ್ಲ ಅರಳಿತು. ಚಿಕ್ಕಮ್ಮ ಮಾತ್ರ, “ಮೇಲೆ ತಾರೀಖು ಎಷ್ಟು ಹಾಕಿದಾರೆ ನೋಡು” ಎಂದರು. ನವೆಂಬರ್ 27 ಎಂದಿತ್ತು. “ಸರಿ, ಮಡಿಸಿ ದೇವರ ಗೂಡಲ್ಲಿಡು” ಎಂದವರೇ ಅಡಿಕೆ ಸುಲಿಯುವ ಮೆಟ್ಟುಗತ್ತಿಗೆ ಮುಂದಿನ ಕಾಯಿ ಕೊಟ್ಟರು. ಆ ಕ್ಷೇಮ ಯುದ್ಧ ಶುರುವಾಗುವುದಕ್ಕೆ ಮೊದಲಿನದು ಎಂದು ನನಗೆ ಹೊಳೆಯಲು ವರ್ಷಗಳೇ ಬೇಕಾದವು.

ಅವರ ಗಂಡ ಮಾರ್ಚ್‌ನಲ್ಲಿ ಮರಳಿದರು. ಮುಂದೆ ನಾನು ಇದನ್ನೇ ಕತೆ ಮಾಡಿದಾಗ ಚಿಕ್ಕಮ್ಮನನ್ನು ಬಾಗಿಲಲ್ಲಿ ನಿಲ್ಲಿಸಿ, ದಿಗಂತದ ಕಡೆ ನೋಡಿಸಿ, ಒಂದೂವರೆ ಪುಟದ ಸ್ವಗತ ಹೇಳಿಸಿದ್ದೆ. (ಎದುರಿಗೇ ಗುಡ್ಡವಿರುವ ನಮ್ಮೂರಿನಲ್ಲಿ ದಿಗಂತ ಎಲ್ಲಿಂದ ಕಾಣಬೇಕು!) ಓದಿದ ಅವರು, “ಅಷ್ಟೊತ್ತು ಬಾಗ್ಲಲ್ಲಿ ನಿಂತಿದ್ರೆ ಅಡಿಕೆ ಸುಲಿಯೋರು ಯಾರು ಮಾರಾಯ?” ಎಂದು ಕೇಳಿದರು. ತಾರೀಖು ಕೇಳಿದ ಮಾತನ್ನೇ ನಾನು ಕತೆಯಲ್ಲಿ ಬಿಟ್ಟಿದ್ದೆ.

ಈಗ ನಿನ್ನ ಕತೆ. ಕಾರ್ಗಿಲ್ ಯುದ್ಧ ಮೇ ತಿಂಗಳಿನಲ್ಲಿ ಶುರುವಾಗಿ ಜುಲೈ 26ಕ್ಕೆ ಮುಗಿಯಿತು. ಅದರ ಬಹುಪಾಲು ದಿನ ನಮ್ಮಲ್ಲಿ ಮಳೆಗಾಲ. ಟೈಗರ್ ಹಿಲ್ ನಮ್ಮ ಸೈನ್ಯದ ವಶವಾದ ಜುಲೈ 4ರ ಹೊತ್ತಿಗೆ ಇಲ್ಲಿ ಆರಿದ್ರಾ ಮಳೆ ಮುಗಿದು ಪುನರ್ವಸು ಹಿಡಿಯುವ ಸಮಯ. ದೇಶವೆಲ್ಲ ಟಿವಿಯಲ್ಲಿ ಆ ಬೆಟ್ಟಗಳನ್ನು ನೋಡುತ್ತಿದ್ದಾಗ, ಮರ ಬಿದ್ದು ಕರೆಂಟು ಹೋಗಿ, ಫೋನಿನ ತಂತಿಯೂ ಹರಿದುಹೋದ ಒಂಟಿಮನೆಯಲ್ಲಿ, ಗಂಡನನ್ನು ಅಲ್ಲಿಗೇ ಕಳಿಸಿದವಳಿಗೆ ಏನೂ ಕಾಣುತ್ತಿರಲಿಲ್ಲ. ಇದು ನಿನ್ನ ಕತೆಯಲ್ಲಿ ಎಲ್ಲಿಯೂ ಇಲ್ಲ.

ಮಳೆ ಹಿಡಿಯುವ ಮೊದಲು ತೋಟಕ್ಕೆ ಒಮ್ಮೆ ಔಷಧಿ ಹೊಡೆಸಿದ್ದರೆ, ಎರಡನೆಯದರ ಸರದಿ ಬರುವುದೂ ಈ ದಿನಗಳಲ್ಲೇ. 40–45 ದಿನಕ್ಕೆ ಮತ್ತೊಮ್ಮೆ ಬೋರ್ಡೋ, ಅಂದರೆ ಮೈಲುತುತ್ತ ಸುಣ್ಣದ ದ್ರಾವಣ, ಬೀಳದಿದ್ದರೆ ಕೊಳೆರೋಗ ಬಂದು ಕಾಯಿ ಉದುರುತ್ತದೆ. ಪ್ರತಿವರ್ಷ ರಜೆ ಹಾಕಿ ಬಂದು ಅದನ್ನು ಮಾಡಿಸುತ್ತಿದ್ದವನು ಗಂಡ ಎಂದಿಟ್ಟುಕೋ. ಈ ವರ್ಷ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂದು ತೂಗುವವಳು ಅವಳೇ. ಕತ್ತಿಯ ಅಲಗನ್ನು ಡ್ರಮ್ಮಿನಲ್ಲಿ ಅದ್ದಿ ನೋಡುತ್ತಾಳೆ. ಅಲಗಿಗೆ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದು ಹೇಳಿಕೊಟ್ಟವನು ಅವನು. ಮರ ಹತ್ತುವವನನ್ನು ಅವನ ಮನೆಗೇ ಹೋಗಿ ಒಪ್ಪಿಸಿ ಬಂದಿರುತ್ತಾಳೆ, ಮಳೆ ಮಾತ್ರ ಬಿಡುವುದಿಲ್ಲ. ಅತ್ತ 16 ಸಾವಿರ ಅಡಿ ಎತ್ತರದಲ್ಲಿ ಬಂಡೆಯ ಮರೆಯಲ್ಲಿ ಕುಳಿತವನ ಕೈಯಲ್ಲಿ ‘ನೀನೇ ನನ್ನ ಉಸಿರು’ ಎಂದು ಬರೆಸಿದ್ದೀಯಲ್ಲ, ಅದನ್ನು ಹೊಡೆದುಹಾಕು. ‘ಎರಡನೆಯ ಔಷಧಿ ಆಯಿತೇ? ಹಳೆಯ ಸುಣ್ಣ ಹಾಕಿಸಬೇಡ’ ಎಂದು ಬರೆಯಲಿ. ನಮ್ಮ ಸೀಮೆಯ ಗಂಡಸರಿಗೆ ಪ್ರೀತಿಯನ್ನು ಹೇಳಲು ಬರುವುದು ಇಷ್ಟೇ, ನಾನೂ ಅದಕ್ಕೆ ಹೊರತಲ್ಲ.

ಕೊನೆಯಲ್ಲಿ ಅವನು ಸಾಯಬೇಕೇ, ಬದುಕಬೇಕೇ ಎಂದು ಕೇಳಿದ್ದೀಯ. ನಾನಾಗಿದ್ದರೆ ಬದುಕಿಸುತ್ತಿದ್ದೆ, ಆದರೆ ಬಸ್‌ಸ್ಟ್ಯಾಂಡಿನ ಹಾರ ತುರಾಯಿಗೆ ಕತೆ ನಿಲ್ಲಿಸುತ್ತಿರಲಿಲ್ಲ. ಚಿಕ್ಕಮ್ಮನ ಗಂಡ ಎಷ್ಟೋ ವರ್ಷ, ರಾತ್ರಿ ಸೋಗೆ ಕಳಚಿ ತಗಡಿನ ಮೇಲೆ ಬಿದ್ದರೆ, ಎದ್ದು ಜಗಲಿಗೆ ಬಂದು ಕುಳಿತಿರುತ್ತಿದ್ದರು. ಹಿಂದೆಯೇ ಚಿಕ್ಕಮ್ಮ ಎದ್ದು ಒಲೆ ಹಚ್ಚಿ ಕಾಫಿ ಕಾಸುತ್ತಿದ್ದರು, ಏನಾಯಿತೆಂದು ಕೇಳುತ್ತಿರಲಿಲ್ಲ. ನಮ್ಮ ಮನೆಯಿಂದ ಆ ಒಲೆಯ ಬೆಳಕು ಕಾಣಿಸುತ್ತಿತ್ತು.

ತಿದ್ದಿದ ಪ್ರತಿಯನ್ನು ದಸರೆಯೊಳಗೆ ಕಳಿಸು. ಇನ್ನೂ ಬರೆಯುವುದಿತ್ತು, ಆದರೆ ಬೆಳಿಗ್ಗೆಯಿಂದ ಇಲ್ಲಿ ಮಳೆ ಬಿಟ್ಟು ಸ್ವಲ್ಪ ಹೊಳವಾಗಿದೆ. ಔಷಧಿ ಹೊಡೆಯುವವರು ಬಂದು ಅಂಗಳದಲ್ಲಿ ಕೂಗುತ್ತಿದ್ದಾರೆ.

ಇತಿ,
ನಿನ್ನ ಅಣ್ಣ