ಫಾದರ್ ಹೆರಾಸ್ ಮತ್ತು ಆನೆಗೊಂದಿಯ ಕಲ್ಲುಗಳು

ಮಾನ್ಯರೆ,

ಆನೆಗೊಂದಿ, ಹಂಪಿ ಸುತ್ತುವವರಿಗೆ ಫಾದರ್ ಹೆನ್ರಿ ಹೆರಾಸ್ ಹೆಸರೇ ಗೊತ್ತಿರುವುದಿಲ್ಲ. 1888ರಲ್ಲಿ ಸ್ಪೇನಿನಲ್ಲಿ ಹುಟ್ಟಿ, 1922ರಲ್ಲಿ ಮುಂಬೈಗೆ ಬಂದ ಈ ಜೆಸ್ಯೂಟ್ (ಕ್ಯಾಥೊಲಿಕ್ ಪಂಥವೊಂದರ) ಪಾದ್ರಿ, 1927ರಲ್ಲಿ ವಿಜಯನಗರವನ್ನಾಳಿದ ಕೊನೆಯ ಮನೆತನವಾದ ಅರವೀಡು ವಂಶದ ಚರಿತ್ರೆ ಪ್ರಕಟಿಸಿದರು. ತಾಳಿಕೋಟೆಯ ನಂತರವೂ ಪೆನುಕೊಂಡೆ, ಚಂದ್ರಗಿರಿಗಳಲ್ಲಿ ರಾಜ್ಯ ಉಸಿರಾಡುತ್ತಿತ್ತಲ್ಲ, ಆ ಕಾಲದ್ದು. ಜೆಸ್ಯೂಟರ ಪತ್ರಗಳನ್ನೂ ಶಾಸನಗಳನ್ನೂ ಎದುರುಬದುರು ಇಟ್ಟು ಓದಿದ್ದೇ ಅವರ ಹೆಚ್ಚುಗಾರಿಕೆ. ವಿದ್ಯಾರಣ್ಯರು ರಾಜಧಾನಿ ಕಟ್ಟಿಸಿದರೆಂಬುದು ನಂತರದ ಕಟ್ಟುಕಥೆ ಎಂದ ಅವರ ವಾದವನ್ನು ನಮ್ಮ ವಿದ್ವಾಂಸರು ಒಪ್ಪಲಿಲ್ಲ. ಆ ಜಗಳ ಇರಲಿ.

ಶಾಸನದ ತೇದಿಯಲ್ಲಿ ಎಡವುವುದು ಸುಲಭ. ಇಸವಿ ತಿಳಿಯಲು ಶಕವರ್ಷಕ್ಕೆ 78 ಕೂಡಿಸಿ ಸುಮ್ಮನಾಗುತ್ತಾರೆ. ತಾಳಿಕೋಟೆ ಯುದ್ಧ ನಡೆದ ಜನವರಿ ಶಕ 1486, ರಕ್ತಾಕ್ಷಿ ಸಂವತ್ಸರದ್ದು. 78 ಕೂಡಿಸಿದರೆ 1564 ಬರುತ್ತದೆ, ನಿಜವಾದದ್ದು 1565. ಶಕವರ್ಷ ಚೈತ್ರಕ್ಕೆ ಬದಲಾಗುವುದರಿಂದ ವರ್ಷದ ಕೊನೆಯ ತಿಂಗಳುಗಳಿಗೆ 79 ಕೂಡಿಸಬೇಕು. ಸಂವತ್ಸರದ ಹೆಸರನ್ನೂ ತಾಳೆ ನೋಡಬೇಕು.

ಆದರೆ ಓದಲು ಅಕ್ಷರ ಉಳಿದಿರಬೇಕಲ್ಲ! ನಮ್ಮ ಕೊಪ್ಪಳ ಸೀಮೆಯ ಊರುಗಳಲ್ಲಿ ಶಾಸನಕ್ಕೆ ಎಣ್ಣೆ ಹಚ್ಚುತ್ತಾರೆ, ಇಲ್ಲವೇ ಸುಣ್ಣ, ಆಯಿಲ್ ಪೇಂಟ್ ಬಳಿಯುತ್ತಾರೆ. ಶಾಸನವನ್ನು ಓದಲು ಕಾಗದದ ಮೇಲೆ ಅದರ ಅಚ್ಚು ತೆಗೆಯುವಾಗ ಕಲ್ಲು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್‌ನಿಂದ ಬಡಿದು ಅಕ್ಷರದ ಕುಳಿಯೊಳಗೆ ಕೂರಿಸಿ, ನೀರು ಆರುತ್ತಾ ಬಂದಾಗ ಮಸಿ ಒತ್ತಬೇಕು. ಕುಳಿಯಲ್ಲಿ ಬಣ್ಣ ತುಂಬಿದ್ದರೆ ಕಾಗದ ಇಳಿಯುವುದಿಲ್ಲ, ಮ ಯಾವುದು ವ ಯಾವುದು ತಿಳಿಯುವುದಿಲ್ಲ. ಬಣ್ಣ ಕೆರೆಯಲು ಉಳಿ, ತಂತಿ ಬ್ರಷ್ ಹಿಡಿದರಂತೂ ಅಕ್ಷರವೂ ಹೋಯಿತು.

ಜೀರ್ಣೋದ್ಧಾರ ಮಾಡುವ ಸಮಿತಿಗಳು ಬಣ್ಣದ ಡಬ್ಬಿ ತೆರೆಯುವ ಮೊದಲು ಪುರಾತತ್ವ ಇಲಾಖೆಗೆ ಒಂದು ಮಾತು ತಿಳಿಸಲಿ.

– ಇತಿಹಾಸಾಸಕ್ತರು, ಗಂಗಾವತಿ